ಅರ್ಧ ಅಳತೆ ದೊಡ್ಡದು

ವಿನಿಪೆಗ್
ಮಾರ್ಚ್ ೧೪

ಮುದ್ದಿನ ಅಮಿಹಾನ್,

ನಿನ್ನ ಫೋನು ಬಂದಾಗಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಒಲೆಯ ಮೇಲಿನ ಕೋಳಿ ಅಡೋಬೊ ತಳ ಹಿಡಿಯಿತು. ನೀನು ರೆಜಿನಾಕ್ಕೆ ಹೋಗಿ ನರ್ಸ್ ಆಗಿ ಇನ್ನೂ ಮೂರು ವಾರ. "ಅಮ್ಮಾ, ಸಂಜೆ ಹೊತ್ಗೆ ಈ ಕಾಲು ನಂದೇ ಅಲ್ಲ ಅನ್ಸುತ್ತೆ. ಸೋಮವಾರ ಕೆಲ್ಸ ಬಿಡ್ತೀನಿ ಅಂತ ಹೇಳ್ಬಿಡ್ತೀನಿ" ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನನಗೆ ಮಾತು ಮುಗಿಸಲು ಬಿಡುವುದಿಲ್ಲ ನೀನು.

ಪಾದದ ಸುತ್ತ ಗೆರೆ ಎಳೆದು ಫೋಟೊ ಕಳಿಸು ಅಂದರೆ ಬೆಳಗ್ಗೆ ಎದ್ದ ಕೂಡಲೇ ಎಳೆದಿದ್ದೀಯ. ಪಕ್ಕದಲ್ಲಿ ಕಾಫಿ ಲೋಟ ಕಾಣುತ್ತಿದೆ. ಶೂ ಕೊಂಡದ್ದೂ ಹಾಗೆಯೇ ಇರಬೇಕು, ಬೆಳಗ್ಗೆ, ಬಣ್ಣ ನೋಡಿ. ಬೆಳಗಿನದು ಮದುಮಗಳ ಕಾಲು ಕಣೇ. ಹನ್ನೆರಡು ಗಂಟೆ ಓಡಾಡಿದ ಮೇಲಿನದು ನರ್ಸಿನ ಕಾಲು. ಶೂ ಕೊಳ್ಳಬೇಕಾದದ್ದು ಅದಕ್ಕೆ. ನಿನ್ನೆ ನಾನು ನನ್ನ ಆಸ್ಪತ್ರೆಯ ಪಾಳಿ ಮುಗಿಸಿ, ಊದಿದ ಕಾಲಲ್ಲೇ ಅಂಗಡಿಗೆ ಹೋದೆ. ಹೇಗೂ ನಿನ್ನದೂ ನನ್ನದೂ ಒಂದೇ ಅಳತೆ. ಅರ್ಧ ಅಳತೆ ದೊಡ್ಡದು ತಂದು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಮುಂದೆ ಬೆರಳು ಆಡಬೇಕು, ಹಿಮ್ಮಡಿ ಅಲುಗಬಾರದು. ಅಡಿ ಮೆತ್ತಗಿದ್ದರೆ ಸಾಲದು, ನಡುಪಾದಕ್ಕೆ ಆಸರೆ ಬೇಕು. ಒರೆಸಿದರೆ ಸ್ವಚ್ಛವಾಗುವಂಥದ್ದೇ ಆಗಬೇಕು. ವಾರ್ಡಿನಲ್ಲಿ ಏನೇನು ಚೆಲ್ಲುತ್ತದೆಂದು ನಿನಗೀಗ ಗೊತ್ತಾಗಿದೆ. ಬಣ್ಣ ಚೆನ್ನಾಗಿಲ್ಲ, ಬಯ್ಯಬೇಡ.

ನೀನು ನಗುತ್ತಾ ಹೇಳಿದ ಇನ್ನೊಂದು ಮಾತು ನನ್ನ ನಿದ್ದೆ ಕೆಡಿಸಿದೆ. ಮೇಜಿನ ಕೆಳಗೆ ಶೂ ಬಿಚ್ಚಿಟ್ಟು ಕೂರುತ್ತೀಯಂತೆ. ಬೇಡ ಮಗಳೇ. ಪಾಳಿ ಮುಗಿಯುವವರೆಗೆ ಬಿಚ್ಚಬೇಡ. ನಮ್ಮ ವಾರ್ಡಿನಲ್ಲಿ ಹಿಂದೆ ಒಬ್ಬ ನರ್ಸ್ ಹೀಗೇ ಬಿಚ್ಚಿಟ್ಟಿದ್ದಳು. ಹೊಸ ಶೂ, ಬಿಗಿ. ಕರೆಗಂಟೆ ಬಾರಿಸಿತು. ಊದಿದ ಕಾಲು ಒಳಗೆ ಹೋಗಲೊಲ್ಲದು. ಬರಿಗಾಲಲ್ಲಿ ಓಡಿದರೆ ಹಿರಿಯ ನರ್ಸ್ ಬಯ್ಯುತ್ತಾಳೆಂದು ತಿಣುಕುತ್ತಾ ಕೂತಳು, ಒಂದೇ ನಿಮಿಷ. ಅಷ್ಟರಲ್ಲಿ ಗಂಟೆ ಒತ್ತಿದ್ದ ಕೊವಾಲ್ಚುಕ್ ಎಂಬ ಅಜ್ಜ ತಾನೇ ಬಚ್ಚಲಿಗೆ ಹೊರಟು ಬಿದ್ದ. ಸೊಂಟದ ಮೂಳೆ ಮುರಿಯಿತು, ಮತ್ತೆ ನಡೆಯಲೇ ಇಲ್ಲ. ಬಿದ್ದಲ್ಲಿಂದಲೇ ಅವಳನ್ನು ನೋಡಿ, "ನೀನು ಬರ್ತೀಯ ಅಂತ ಗೊತ್ತಿತ್ತಮ್ಮ, ನಂಗೇ ತಡ್ಕೊಳ್ಳೋಕಾಗ್ಲಿಲ್ಲ" ಅಂದನಂತೆ. ಅವಳು ಆ ಮಾತನ್ನು ಇನ್ನೂ ಮರೆತಿಲ್ಲವಂತೆ.

ಕೆಲಸ ಬಿಡುವುದಾದರೆ ಬಿಡು, ನಾನು ಅಡ್ಡ ಬರುವುದಿಲ್ಲ. ಸುಳ್ಳು, ಬರುತ್ತೇನೆ. ಈ ಶೂ ಹಾಕಿಕೊಂಡು ನಾಲ್ಕು ಪಾಳಿ ಮಾಡು, ಆಮೇಲೆ ಹೇಳು.

ಮತ್ತೆ ಎದ್ದು ಒಲೆ ನೋಡಿ ಬರುವ ನಿನ್ನ ಅಮ್ಮ,
ಲಿಗಾಯಾ

ಇನ್ನೊಂದು ಮಾತು: ನಿನಗೆ ಆರು ವರ್ಷವಿದ್ದಾಗ ಒಂದು ಸಂಜೆ ನಾನು ಬಾಗಿಲಲ್ಲಿ ಶೂ ಬಿಚ್ಚದೆ ನೆಟ್ಟಗೆ ಅಡುಗೆಮನೆಗೆ ನಡೆದಿದ್ದೆ. "ಮನೇನೂ ಆಸ್ಪತ್ರೆ ಮಾಡ್ತೀಯೇನೇ" ಎಂದು ಅಜ್ಜಿ ರೇಗಿದ್ದಳು. ನೀನು ನೆಲಕ್ಕೆ ಕೂತು ನನ್ನ ಲೇಸು ಬಿಚ್ಚಿದ್ದೆ. ಈಗಲೂ ಅದನ್ನು ಹೇಳಿ ಎಲ್ಲರನ್ನೂ ನಗಿಸುತ್ತೀಯ. ಅದು ಕೊವಾಲ್ಚುಕ್ ಬಿದ್ದ ದಿನ. ಮರುದಿನ ಕೆಲಸ ಬಿಡುವ ಕಾಗದ ಕೈಚೀಲದಲ್ಲಿಟ್ಟುಕೊಂಡೇ ಪಾಳಿಗೆ ಹೋದೆ. ಕೊಡಲಾಗಲಿಲ್ಲ. ಸಂಜೆ ಅಂಗಡಿಗೆ ಹೋಗಿ ಅರ್ಧ ಅಳತೆ ದೊಡ್ಡ ಶೂ ಕೊಂಡೆ.