ಒಲೆಯ ಪಕ್ಕದ ಕೆಂಪು ದೀಪ

ಮಾರ್ಚ್ ೧೪, ಶನಿವಾರ

ಕೊನೆಗೂ ಅಗ್ಗದ ಸರ್ಕ್ಯೂಟ್ ಬೋರ್ಡೇ ಗೆದ್ದಿತು! ಅಮ್ಮನಿಗೆ ಕರೆಗಂಟೆ ಕೇಳಿಸುವುದಿಲ್ಲ, ಕಿವಿಗೆ ಮೆಷಿನ್ ಹಾಕಿಕೊಳ್ಳಲೂ ಒಲ್ಲಳು. ಗಂಟೆ ಒತ್ತಿದರೆ ಅಡುಗೆಮನೆಯಲ್ಲಿ ದೀಪ ಹತ್ತಬೇಕು, ಅಷ್ಟೇ ನನ್ನ ಆಸೆ. ಅಂಗಡಿಯವನು ಹೊಗಳಿದ ದೊಡ್ಡ ಕಿಟ್ಟಿನ ಕಂಪೈಲರಿಗೆ, ಅಂದರೆ ನಾವು ಬರೆದ ಪ್ರೋಗ್ರಾಮನ್ನು ಬೋರ್ಡಿನ ಭಾಷೆಗೆ ತಿರುಗಿಸುವ ಸಾಫ್ಟ್‌ವೇರಿಗೆ, ವರ್ಷವರ್ಷವೂ ಬೇರೆ ದುಡ್ಡು ಕಟ್ಟಬೇಕಂತೆ. ಮೂಗಿಗಿಂತ ಮೂಗುತಿ ಭಾರ! ಪುಕ್ಕಟೆ ಕಂಪೈಲರ್ ಸಿಗುವ, ಬೆಂಕಿಪೊಟ್ಟಣದಷ್ಟು ಬೋರ್ಡನ್ನೇ ತಂದೆ.

ಬೆಳಗಿನಿಂದ ಕಂಪ್ಯೂಟರ್ ಅದರತ್ತ ತಿರುಗಿಯೂ ನೋಡಲಿಲ್ಲ. ಕಂಪೈಲರನ್ನು ಅಳಿಸಿ ಮತ್ತೆ ಹಾಕಿದೆ, ಬೋರ್ಡಿಗೆ ಹಿಡಿಶಾಪ ಹಾಕಿದೆ. ಸಂಜೆ ತಂಗಿ ಬಂದವಳು ಬೋರ್ಡಿಗೂ ಕಂಪ್ಯೂಟರಿಗೂ ಸಿಕ್ಕಿಸಿದ್ದ ವೈರು ನೋಡಿ ಬಿದ್ದು ಬಿದ್ದು ನಕ್ಕಳು.

"ಅಕ್ಕಾ, ಇದು ಅಮ್ಮನ ಕಿವಿ ಮೆಷಿನ್ನಿನ ವೈರು ಕಣೇ! ಇದರಲ್ಲಿ ಬರೀ ಚಾರ್ಜ್ ಆಗತ್ತೆ, ಪ್ರೋಗ್ರಾಂ ಹೋಗಲ್ಲ."

ವೈರು ಬದಲಿಸಿದೆ, ಪ್ರೋಗ್ರಾಂ ಹೋಯಿತು. ಓಡಿ ಹೋಗಿ ಹೊರಗಿನಿಂದ ಗಂಟೆ ಒತ್ತಿದೆ. ಬೆರಳು ತೆಗೆಯುವ ಮೊದಲೇ ಅಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಾಗಿಲು ತೆಗೆದಳು! ಹೋದ ವಾರ ಇದೇ ಬಾಗಿಲು ಬಡಿದು ಬಡಿದು ನನ್ನ ಕೈ ಊದಿತ್ತು.

"ಈಗ ನೀನು ಒಳಗಿರು, ನಾನು ಒತ್ತತೀನಿ" ಅಂದಳು ಅಮ್ಮ.

ಊಟವಾದ ಮೇಲೂ ಬಿಟ್ಟಿಲ್ಲ. ಒಲೆಯ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಇಗೋ, ದೀಪ ಮತ್ತೆ ಹತ್ತಿತು. ಬಾಗಿಲು ತೆಗೆಯದಿದ್ದರೆ ಅವಳು ಒತ್ತುವುದನ್ನು ನಿಲ್ಲಿಸುವವಳಲ್ಲ!