ಬರುವುದಿಲ್ಲ ಎಂದವಳ ಅಮ್ಮ

ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ

ನನ್ನ ಪುಟ್ಟೀ,

ನಿನ್ನ ಪತ್ರ ಕೈಗೆ ಬಂದಾಗ ಯಾರದೋ ಕೋಟಿನ ಅಸ್ತರು ಬಿಚ್ಚುತ್ತ ಕುಳಿತಿದ್ದೆ. ಬಿಟ್ಟು ಎದ್ದು ಓದಿದೆ. ಫೋನಿನಲ್ಲಿ ಕೇಳಲಾಗದ್ದನ್ನು ಕಾಗದದಲ್ಲಿ ಕೇಳಿದ್ದೀಯ. 'ಕೋಚ್ ಕೆಲಸ ಒಪ್ಪಿಕೊಂಡು ಆಮೇಲೆ ಬರುವುದಿಲ್ಲ ಎಂದುಬಿಟ್ಟೆನಲ್ಲ, ಅಲ್ಲಿನ ಜನ ಏನಂದರು? ನಿನಗೇನಾದರೂ ತೊಂದರೆ ಕೊಟ್ಟರಾ?' ಎಂದು. ಫೋನಿನಲ್ಲಾದರೆ ನಾನು 'ಏನೂ ಇಲ್ಲ ಬಿಡೇ' ಎಂದು ಸಾಗಹಾಕುತ್ತಿದ್ದೆ. ನೀನು 'ಹುಡುಗಿಯರು ಕಾಯ್ತಿದ್ದಾರಮ್ಮ' ಎಂದು ಇಟ್ಟುಬಿಡುತ್ತಿದ್ದೆ. ಅದಕ್ಕೇ ಕಾಗದ ಹಿಡಿದಿದ್ದೇನೆ, ಎಲ್ಲವನ್ನೂ ಬರೆಯುತ್ತೇನೆ.

ಮೊದಲು ನಿನ್ನ ಮನಸ್ಸಿಗೆ ಸಮಾಧಾನವಾಗಲಿ. ಯಾರೂ ಅಂಗಡಿಗೆ ಕಲ್ಲೆಸೆಯಲಿಲ್ಲ. ನಾನೂ ನಿನ್ನ ಚಿಕ್ಕಮ್ಮನೂ ಹೊತ್ತುಹೊತ್ತಿಗೆ ಊಟ ಮಾಡಿಕೊಂಡು, ಆಗಾಗ ಜಗಳ ಆಡಿಕೊಂಡು ಚೆನ್ನಾಗಿಯೇ ಇದ್ದೇವೆ.

ನೀನು ಈ ಊರಿನ ತಂಡಕ್ಕೆ ಕೋಚ್ ಆಗಿ ಬರುತ್ತೀಯೆಂದು ಪತ್ರಿಕೆಯಲ್ಲಿ ಬಂದ ದಿನ ನಮ್ಮ ಬೀದಿಯನ್ನು ನೋಡಬೇಕಿತ್ತು ನೀನು. ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣದ ಹಿಂದಿನ ಗೇಟಿಗೆ ಸರಿಯಾಗಿ ಎದುರು ನಮ್ಮ ಹೊಲಿಗೆ ಅಂಗಡಿ. ಪಂದ್ಯವಿದ್ದರೆ ಇಲ್ಲಿ ಹಳದಿ ಬಿಟ್ಟು ಬೇರೆ ಬಣ್ಣ ಕಣ್ಣಿಗೆ ಬೀಳುವುದಿಲ್ಲ. ಜೆರ್ಸಿ ಹರಿದವರು, ಜಿಪ್ ಕಿತ್ತವರು, ಬೆನ್ನ ಮೇಲೆ ಆಟಗಾರ್ತಿಯ ಹೆಸರು ಹಾಕಿಸಿಕೊಳ್ಳುವವರು, ಎಲ್ಲರೂ ನಮ್ಮಲ್ಲಿಗೇ ಬರುತ್ತಾರೆ. ಸೋತು ಸೋತು ಸುಣ್ಣವಾಗಿದ್ದ ತಂಡ ಇದು. ಅಂಥದ್ದಕ್ಕೆ, ಒಂದು ಸಣ್ಣ ಊರಿನ ಹುಡುಗಿಯರನ್ನು ಕಟ್ಟಿಕೊಂಡು ಘಟಾನುಘಟಿ ತಂಡಗಳ ಬೆವರಿಳಿಸಿದವಳು ಬರುತ್ತಾಳೆಂದರೆ ಸುಮ್ಮನಿರುತ್ತಾರೆಯೇ? ನೀನು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದು ಹುಡುಗಿಯರನ್ನು ಕರೆಯುವುದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದರು. ಆಗಲೇ ನಿನಗೆ 'ಸಿಳ್ಳೆ ಮೇಡಂ' ಎಂದು ಹೆಸರಿಟ್ಟಾಗಿತ್ತು.

ಎಲ್ಲರಿಗಿಂತ ಮೊದಲು ಓಡಿಬಂದವನು ಡೋಲಣ್ಣ. ಸಿಟಿ ಬಸ್ಸಿನ ಡ್ರೈವರ್. ಪಂದ್ಯದ ದಿನ ಗ್ಯಾಲರಿಯಲ್ಲಿ ನಿಂತು ಡೋಲು ಬಾರಿಸುವವನು, ಅದಕ್ಕೇ ಆ ಹೆಸರು. ಬಾಗಿಲಿನಿಂದಲೇ ಕೂಗಿದ, "ಅಕ್ಕಾ, ಬೆನ್ ಮೇಲೆ 'ಸಿಳ್ಳೆ' ಅಂತ ಹಾಕ್ಕೊಡಿ. ದಪ್ಪಕ್ಷರದಲ್ಲಿ! ಕೊನೇ ಸಾಲಿನವ್ರಿಗೂ ಕಾಣ್ಬೇಕು."

ಅವನ ಬೆನ್ನಿಗೇ ಲೆಕ್ಕದ ಮೇಡಂ ಬಂದರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಯಾವ ಆಟಗಾರ್ತಿ ಯಾವ ಪಂದ್ಯದಲ್ಲಿ ಎಷ್ಟು ಅಂಕ ಗಳಿಸಿದಳೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅವರೂ ತಮ್ಮ ಹಳದಿ ಸ್ವೆಟರನ್ನು ಮುಂದಿಟ್ಟು, "ನಂಗೂ ಹಾಕಮ್ಮ. ಆದ್ರೆ ಸಣ್ಣಕ್ಕೆ, ಎದೆ ಹತ್ರ. ನನ್ ವಯಸ್ಸಿಗೆ ತಕ್ಕ ಹಾಗೆ" ಎಂದರು.

ನಾನು ನಿನ್ನ ತಾಯಿಯೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನೀನು ಬೆಳೆದದ್ದೆಲ್ಲ ಕ್ರೀಡಾ ಹಾಸ್ಟೆಲಿನಲ್ಲಿ, ನಾವು ಈ ಊರಿಗೆ ಬಂದು ಅಂಗಡಿ ಹಾಕಿದ್ದು ಆಮೇಲೆ. 'ನಾನು ಬರೋತನಕ ಹೇಳ್ಬೇಡಮ್ಮ, ನಿನ್ನ ಮುತ್ಕೊಂಡ್ಬಿಡ್ತಾರೆ' ಎಂದು ನೀನೇ ಕಟ್ಟಪ್ಪಣೆ ಮಾಡಿದ್ದೆ. ನಾನು ಬಾಯಿಗೆ ಬೀಗ ಹಾಕಿಕೊಂಡು ಹೊಲಿದೆ. ಒಳಗೆ ಚಿಕ್ಕಮ್ಮ ಗುಂಡಿ ಹಾಕುತ್ತ ಕಿಸಕ್ಕನೆ ನಗುತ್ತಿದ್ದಳು. ಹೊಟ್ಟೆಯಲ್ಲಿ ಹುಟ್ಟಿದವಳ ಹೆಸರನ್ನು ಊರವರ ಬೆನ್ನ ಮೇಲೆ ಬರೆಯುವ ಭಾಗ್ಯ ಎಷ್ಟು ಅಮ್ಮಂದಿರಿಗೆ ಸಿಗುತ್ತದೆ ಹೇಳು. ದಾರವನ್ನು ಮಾತ್ರ ಬಲು ಒಳ್ಳೆಯದನ್ನೇ ಹಾಕಿದೆ, ಎಷ್ಟು ಒಗೆದರೂ ಬಿಡದ ಹಾಗೆ.

ಅದೇ ಆಮೇಲೆ ಕುತ್ತಿಗೆಗೆ ಬಂತು.

ಒಂದು ಬೆಳಿಗ್ಗೆ ನೀನು ಫೋನ್ ಮಾಡಿ, "ಅಮ್ಮ, ನಾನು ಬರಲ್ಲ. ನಂಗೆ ಇಲ್ಲೇ ಇಷ್ಟ" ಎಂದೆಯಲ್ಲ, ನಾನು 'ಸರಿ' ಎಂದೆ. ಹೆಚ್ಚು ಕೇಳಲಿಲ್ಲ. ನಿನ್ನ ದನಿ ಹಗುರವಾಗಿತ್ತು, ನನಗೆ ಅಷ್ಟು ಸಾಕಾಗಿತ್ತು. ಆದರೆ ಪತ್ರಿಕೆಯವರಿಗೆ ನೀನು 'ವೈಯಕ್ತಿಕ ಕಾರಣ' ಎಂದಷ್ಟೇ ಹೇಳಿದ್ದೆ. ಆ ಎರಡು ಪದ ಈ ಊರಿನಲ್ಲಿ ಏನೇನು ಮಾಡಿದವು ಎಂದು ಕೇಳು.

ಅಂಗಡಿ ಬಾಗಿಲು ತೆರೆಯುವಷ್ಟರಲ್ಲಿ ಡೋಲಣ್ಣ ಮೆಟ್ಟಿಲ ಮೇಲೆ ಕುಳಿತಿದ್ದ. ಜೆರ್ಸಿಯನ್ನು ನನ್ನ ಮುಂದೆ ಎಸೆದು, "ಬಿಚ್ಚಿ ಅಕ್ಕ, ಇದನ್ನ. ಒಂದು ನೂಲೂ ಉಳೀಬಾರ್ದು" ಎಂದ. ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಹಳದಿ ಬಟ್ಟೆಯ ಗುಡ್ಡೆ. ಒಬ್ಬಾಕೆಯಂತೂ, "ಆಸೆ ತೋರ್ಸಿ ಕೈಕೊಟ್ಳು" ಎಂದು ಅಳುವುದೊಂದು ಬಾಕಿ. ಪಕ್ಕದ ಕ್ಷೌರದ ಅಂಗಡಿಯವನು ನಿನ್ನ ಚಿತ್ರವನ್ನು ಕನ್ನಡಿಯ ಮೇಲಿಂದ ಕಿತ್ತು, ಅದೇ ಜಾಗಕ್ಕೆ ಶಾಂಪೂ ಜಾಹೀರಾತು ಅಂಟಿಸಿದ.

ನಾನು ಬ್ಲೇಡು ಹಿಡಿದು ಕುಳಿತೆ. ಹೊಲಿದ ಕೈಯಲ್ಲೇ ಬಿಚ್ಚಬೇಕು. ಸಿ ಬಿಚ್ಚಿ, ಳ್ಳೆ ಬಿಚ್ಚಿ, ಮತ್ತೆ ಇನ್ನೊಂದು. ಬಟ್ಟೆಯಲ್ಲಿ ಸೂಜಿಯ ತೂತುಗಳು ಉಳಿದುಬಿಡುತ್ತವೆ, ಉಗಿ ಇಸ್ತ್ರಿ ಇಟ್ಟು ಒತ್ತಿದರೆ ಮುಚ್ಚಿಕೊಳ್ಳುತ್ತವೆ. ಸುಳ್ಳು ಹೇಳುವುದಿಲ್ಲ, ಮೊದಲ ಜೆರ್ಸಿಗೆ ಕಣ್ಣು ಮಂಜಾಯಿತು. ಆಮೇಲೆ ಕೆಲಸ ಕೆಲಸವೇ ಆಯಿತು.

ಕೈ ಕೆಲಸದಲ್ಲಿದ್ದರೂ ಕಿವಿ ಸುಮ್ಮನಿರಬೇಕಲ್ಲ. ಕಾದು ಕುಳಿತವರೆಲ್ಲ ನಿನ್ನ ವೈಯಕ್ತಿಕ ಕಾರಣವನ್ನು ಹುಡುಕುವವರೇ. ನಿನಗೆ ಮದುವೆಯಂತೆ. ಇಲ್ಲ, ಮದುವೆ ಮುರಿಯಿತಂತೆ. ವಿದೇಶದ ತಂಡ ಕರೆದಿದೆಯಂತೆ. ಒಬ್ಬ, ನಿನಗೆ ಈ ಊರಿನ ನೀರು ಒಗ್ಗುವುದಿಲ್ಲ ಎಂದೂ ಹೇಳಿದ. ಚಿಕ್ಕಮ್ಮ ಒಳಗಿನಿಂದ, "ನೀರಿಗೇನಾಗಿದೆಯಪ್ಪ, ನಾವು ಕುಡೀತಿಲ್ವಾ?" ಎಂದು ಜಗಳಕ್ಕೇ ಹೋದಳು.

ಎಲ್ಲಿಂದ ಹುಟ್ಟಿತೋ ತಿಳಿಯದು, ಒಂದು ದಿನ ಇನ್ನೊಂದು ಸುದ್ದಿ ಬಂತು. ಲೆಕ್ಕದ ಮೇಡಂ ಕುರ್ಚಿ ಎಳೆದುಕೊಂಡು ಕುಳಿತು ದನಿ ತಗ್ಗಿಸಿ ಹೇಳಿದರು, "ಪಾಪ, ಆ ಹುಡುಗಿ ಅಮ್ಮಂಗೆ ತುಂಬಾ ಹುಷಾರಿಲ್ವಂತೆ. ಹಾಸಿಗೆ ಹಿಡಿದಿದ್ದಾರಂತೆ. ಅದಕ್ಕೇ ಬರ್ತಿಲ್ಲ ಅವ್ಳು."

ಹಾಸಿಗೆ ಹಿಡಿದ ಆ ತಾಯಿ ಆಗ ಬಾಯಲ್ಲಿ ದಾರ ಕಚ್ಚಿಕೊಂಡು ಅವರದೇ ಸ್ವೆಟರಿನ ಅಕ್ಷರ ಬಿಚ್ಚುತ್ತಿದ್ದಳು. ಒಳಗೆ ಚಿಕ್ಕಮ್ಮನ ಗುಂಡಿ ಡಬ್ಬಿ ಕೈಜಾರಿ ಬಿತ್ತು.

ಆ ಮಾತು ಹರಡಿದ್ದೇ ತಡ, ಜನರ ಮುಖವೇ ಬದಲಾಯಿತು ಪುಟ್ಟೀ. ನಿನ್ನನ್ನು ಬೈದವರೆಲ್ಲ ನಾಲಿಗೆ ಕಚ್ಚಿಕೊಂಡರು. ಬಿಚ್ಚಲು ಕೊಟ್ಟ ಜೆರ್ಸಿಗಳನ್ನು ಕೆಲವರು ಹಾಗೇ ವಾಪಸ್ಸು ಒಯ್ದರು. "ತಾಯಿಗಿಂತ ದೊಡ್ಡದೇನಿದೆ" ಎಂದು ಕ್ಷೌರದವನು ನಿನ್ನ ಚಿತ್ರವನ್ನು ಮತ್ತೆ ಅಂಟಿಸಿದ, ಶಾಂಪೂವಿನ ಪಕ್ಕಕ್ಕೆ. ಕೊನೆಗೆ ಡೋಲಣ್ಣ ಒಂದು ಉದ್ದನೆಯ ಹಳದಿ ಬಟ್ಟೆ ತಂದು ನನ್ನ ಮುಂದೆ ಹಾಸಿದ.

"ಅಕ್ಕಾ, ಇದ್ರ ಮೇಲೆ 'ಅಮ್ಮ ಬೇಗ ಗುಣವಾಗಲಿ' ಅಂತ ಹೊಲಿದುಕೊಡಿ. ಎಲ್ರೂ ಸೇರಿ ಕಳಿಸ್ತೀವಿ. ಚೆನ್ನಾಗಿ ಬರ್ಬೇಕು, ಆಯಮ್ಮ ಮಲಗಿದಲ್ಲಿಂದ್ಲೇ ಓದ್ಬೇಕು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ಹೋದ ಮೇಲೆ ಚಿಕ್ಕಮ್ಮ ನನ್ನ ತೋಳು ಹಿಡಿದಳು. "ಬಾಯ್ಮುಚ್ಕೊಂಡು ಹೊಲಿದುಬಿಡು ಅಕ್ಕ. ಮಗು ಮೇಲಿನ ಸಿಟ್ಟು ಇಳಿದಿದೆ. ನಿಂಗೇನು ಹೋಗ್ಬೇಕು? ನಾಲ್ಕು ದಿನ ಕೆಮ್ಮಿಬಿಡು." ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಗಿರಾಕಿಗಳೆಲ್ಲ ಇವರೇ. ಕೈಕೊಟ್ಟವಳ ತಾಯಿ ಇವಳೇ ಎಂದು ಗೊತ್ತಾದರೆ ಬಾಗಿಲು ಹಾಕಿಕೊಂಡು ಹೋಗಬೇಕಾದೀತು. ಸುಮ್ಮನಿದ್ದರೆ ನಿನಗೂ ಒಳ್ಳೆಯ ಹೆಸರು, ನಮಗೂ ನೆಮ್ಮದಿ.

ಹೊಲಿಯಲು ಕುಳಿತೆ. 'ಅಮ್ಮ' ಎಂಬಷ್ಟು ಮುಗಿಯಿತು. ಮುಂದಕ್ಕೆ ಕೈ ಓಡಲಿಲ್ಲ. ನನಗೆ ಚುಚ್ಚಿದ್ದು ಆ ಸುಳ್ಳು ಕಾಯಿಲೆಯಲ್ಲ. ನೀನು 'ನಂಗೆ ಇಲ್ಲೇ ಇಷ್ಟ' ಎಂದದ್ದು ಎಷ್ಟು ಚೆಂದದ ಮಾತು. ಅದನ್ನು ಮುಚ್ಚಿಟ್ಟು, ಯಾರೋ ಸಾಯಲು ಬಿದ್ದಿದ್ದಾರೆಂದು ಹೇಳಿದರೆ ಮಾತ್ರ ನಿನ್ನನ್ನು ಕ್ಷಮಿಸುತ್ತಾರೆಂದರೆ, ಸುಖವಾಗಿರುವುದೇ ಒಂದು ತಪ್ಪು ಎಂದು ನಾನೂ ಒಪ್ಪಿದ ಹಾಗಾಯಿತಲ್ಲ. ಯಂತ್ರ ನಿಲ್ಲಿಸಿದೆ.

ಸಂಜೆ ಡೋಲಣ್ಣ, ಲೆಕ್ಕದ ಮೇಡಂ, ಇನ್ನೂ ಕೆಲವರು ಬಟ್ಟೆ ನೋಡಲು ಬಂದರು. ನಾನು ಎದ್ದು ನಿಂತು ಹೇಳಿಯೇಬಿಟ್ಟೆ: ಆ ಅಮ್ಮ ನಾನೇ. ನನಗೆ ಒಂದು ನೆಗಡಿಯೂ ಇಲ್ಲ, ಗುಂಡುಕಲ್ಲಿನ ಹಾಗಿದ್ದೇನೆ, ನೋಡಿ.

ಚಿಕ್ಕಮ್ಮ ಒಳಗಿನಿಂದ, "ಮುಗೀತು ಕಥೆ" ಎಂದಳು. ಡೋಲಣ್ಣ ನನ್ನ ಮುಖ ನೋಡಿದ, ಬಟ್ಟೆ ನೋಡಿದ. "ಹಾಗಾದ್ರೆ ಯಾಕಕ್ಕ ಬರ್ಲಿಲ್ಲ ಅವ್ರು?" ಎಂದು ಕೇಳಿದ. ನೀನು ಹೇಳಿದ್ದನ್ನೇ ಹೇಳಿದೆ. ಅವಳಿಗೆ ಅಲ್ಲಿಯೇ ಇಷ್ಟವಂತೆ, ಆ ಹುಡುಗಿಯರು ಇಷ್ಟ, ಆ ಸಣ್ಣ ಅಂಗಳ ಇಷ್ಟ, ಬಿಟ್ಟು ಬರಲು ಮನಸ್ಸಾಗಲಿಲ್ಲ.

ಲೆಕ್ಕದ ಮೇಡಂ ಕೆಂಪಗಾದರು. "ಇಷ್ಟನಾ? ಬರೀ ಇಷ್ಟನಾ? ಹಾಗಿದ್ರೆ ಒಪ್ಕೊಳ್ಳೋಕ್ ಮುಂಚೆ ಯೋಚ್ನೆ ಮಾಡ್ಬೇಕಿತ್ತು. ನಾವೆಷ್ಟು ವರ್ಷದಿಂದ ಕಾದಿದ್ದೀವಿ ಗೊತ್ತಾ ನಿಮ್ಗೆ?" ಅವರು ಹೇಳಿದ್ದರಲ್ಲಿ ನ್ಯಾಯವಿತ್ತು, ನಿನಗೂ ಅದು ಗೊತ್ತು. ನಿನ್ನ ಪರವಾಗಿ ಕ್ಷಮೆ ಕೇಳಿದೆ. ಅವರು ಅರ್ಧ ಬಿಚ್ಚಿದ ಸ್ವೆಟರನ್ನು ಎತ್ತಿಕೊಂಡು ಹೊರಟುಹೋದರು, ಉಳಿದವರೂ ಒಬ್ಬೊಬ್ಬರಾಗಿ ಜಾರಿಕೊಂಡರು.

ಡೋಲಣ್ಣ ಮಾತ್ರ ನಿಂತಿದ್ದ. ಬಟ್ಟೆಯನ್ನು ನಿಧಾನವಾಗಿ ಸುತ್ತುತ್ತ, "ನನ್ನೂ ಡಿಪೋದಲ್ಲಿ ಕುರ್ಚಿ ಮೇಲೆ ಕೂರ್ಸೋಕ್ ನೋಡಿದ್ರು ಅಕ್ಕ" ಎಂದ. "ಬಡ್ತಿ ಅಂತೆ. ಒಂದು ವಾರ ಹೂಂ ಅಂದ್ಕೊಂಡು ಓಡಾಡ್ದೆ. ಆಮೇಲೆ ಬೆಳಿಗ್ಗೆ ಮೊದಲ್ನೇ ಟ್ರಿಪ್ಪು, ಖಾಲಿ ರಸ್ತೆ, ಸ್ಟೇರಿಂಗು, ಇದನ್ನೆಲ್ಲ ಬಿಟ್ಟು ಎಲ್ಲಿ ಹೋಗ್ಲಿ ಅನ್ನಿಸ್ತು. ಹೋಗಿ ಬೇಡ ಅಂದೆ. ನನ್ ಹೆಂಡ್ತಿ ಇವತ್ತಿಗೂ ಬೈತಾಳೆ." ಬಾಗಿಲ ತನಕ ಹೋದವನು ತಿರುಗಿ, "ಆದ್ರೂ ನಿಮ್ ಮಗಳು ಬರ್ಬೇಕಿತ್ತು ಅಕ್ಕ. ನಂಗೆ ಸಿಟ್ಟು ಇನ್ನೂ ಇದೆ, ಹೇಳಿರ್ತೀನಿ" ಎಂದ. ಆಯಿತಪ್ಪ, ಇಟ್ಟುಕೋ ಎಂದೆ.

ಕೆಲವು ವಾರ ಅಂಗಡಿ ಭಣಗುಟ್ಟಿತು. ಚಿಕ್ಕಮ್ಮ ನೊಣ ಹೊಡೆಯುತ್ತ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಆದರೆ ಬಟ್ಟೆ ಹರಿಯುವುದನ್ನು ಯಾರು ತಡೆಯುತ್ತಾರೆ? ಪಂದ್ಯಗಳು ಶುರುವಾದವು, ಜೆರ್ಸಿಗಳು ಬಂದವು. ಹೊಸ ಕೋಚ್ ಕೂಡ ಹೆಂಗಸೇ, ಮಾತು ಕಡಿಮೆ. ಮೊದಲ ಪಂದ್ಯಕ್ಕೆ ಡೋಲಣ್ಣ ನಮ್ಮಿಬ್ಬರನ್ನೂ ಎಳೆದುಕೊಂಡು ಹೋದ. ಇಷ್ಟು ವರ್ಷ ಗೇಟಿನ ಎದುರೇ ಕುಳಿತು ಹೊಲಿದಿದ್ದೇನೆ, ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅಬ್ಬಾ, ಏನು ಗದ್ದಲ, ಏನು ಬೆಳಕು! ಒಬ್ಬ ಅಪರಿಚಿತ ನನ್ನನ್ನು ತೋರಿಸಿ, "ಅವ್ರೇ, ಬರಲ್ಲ ಅಂದೋಳ ಅಮ್ಮ" ಎಂದ. ಪಕ್ಕದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸ್ವಲ್ಪ ಸರಿದು ಜಾಗ ಕೊಟ್ಟಳು. ನಮ್ಮವರು ಸೋತರು, ಆದರೆ ಕೊನೆಯ ಗಳಿಗೆಯವರೆಗೂ ಬಿಡದೆ ಆಡಿ ಸೋತರು. ಚಿಕ್ಕಮ್ಮನ ಗಂಟಲು ಮರುದಿನವೂ ಸರಿಹೋಗಿರಲಿಲ್ಲ.

ಲೆಕ್ಕದ ಮೇಡಂ ಇನ್ನೂ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಆದರೆ ಮೊನ್ನೆ ಬ್ಯಾಗಿನ ಜಿಪ್ ಹಾಕಿಸಲು ಬಂದು, ನನ್ನತ್ತ ನೋಡದೆ, ಗೋಡೆಗೆ ಹೇಳುವವರ ಹಾಗೆ, "ಆ ಸಣ್ಣೂರಿನವ್ರು ಮೂರೂ ಪಂದ್ಯ ಗೆದ್ದಿದ್ದಾರೆ" ಎಂದರು. ನಿನ್ನ ಲೆಕ್ಕವನ್ನೂ ಇಡುತ್ತಿದ್ದಾರೆ, ಕೇಳಿದೆಯಾ?

ಇಷ್ಟೇ ನಡೆದದ್ದು. ನೀನು ಊಟ ಬಿಟ್ಟು ಕೊರಗುವಂಥದ್ದೇನೂ ಇಲ್ಲ. ಅವರಿಗೆ ಬೇಸರವಾಯಿತು, ಅದು ಸಹಜ. ನಿನಗೆ ಸಂತೋಷವಾಯಿತು, ಅದೂ ಸಹಜ. ನನಗೆ ಬೇಸರವಾಯಿತೇ ಎಂದು ನಿನ್ನ ಪತ್ರದ ಕೊನೆಯಲ್ಲಿ ಕೇಳಿದ್ದೀಯ. ನನಗೇಕೆ ಬೇಸರ? ನೀನು ಎಲ್ಲಿದ್ದರೂ ನನ್ನ ಮಗಳೇ. ನಾನು ಏನನ್ನೂ ಮನಸ್ಸಿನಲ್ಲಿ ಕಟ್ಟಿಕೊಂಡಿರಲಿಲ್ಲ. ನಿನ್ನ ಹುಡುಗಿಯರನ್ನು ಚೆನ್ನಾಗಿ ನೋಡಿಕೋ. ಬಿಸಿನೀರು ಕುಡಿ, ಅಷ್ಟು ಕೂಗಿದರೆ ಗಂಟಲು ಏನಾಗಬೇಕು.

ಬೇಕಾದಷ್ಟು ಪ್ರೀತಿಯೊಂದಿಗೆ, ಗುಂಡುಕಲ್ಲಿನ ಹಾಗಿರುವ

ನಿನ್ನ ಅಮ್ಮ

ಮರೆತಿದ್ದೆ: ನಮ್ಮ ಮಹಡಿಯ ಕೋಣೆಗೆ ಹೊಸ ಕೋಚ್ ಬಾಡಿಗೆಗೆ ಬಂದಿದ್ದಾಳೆ. ಕ್ರೀಡಾಂಗಣಕ್ಕೆ ಹತ್ತಿರವಾಗುತ್ತದೆ ಎಂದು ಅವಳೇ ಹುಡುಕಿಕೊಂಡು ಬಂದಳು. ಒಳ್ಳೆಯ ಹುಡುಗಿ, ಅಡುಗೆ ಮಾತ್ರ ಬಾರದು, ಕೆಳಗೆ ನಮ್ಮೊಂದಿಗೇ ಉಣ್ಣುತ್ತಾಳೆ. ಗೋಡೆಯ ತಿಳಿ ನೀಲಿ ಬಣ್ಣ ಅವಳಿಗೆ ಬಹಳ ಹಿಡಿಸಿದೆ. ಇಷ್ಟು ಹೊಸದಾಗಿದೆಯಲ್ಲ, ಯಾವಾಗ ಬಳಿಸಿದಿರಿ ಎಂದು ಕೇಳಿದಳು. ನಾನು ಸಾರು ಬಡಿಸುವ ನೆವದಲ್ಲಿ ಎದ್ದುಹೋದೆ. ನೀನೂ ಕೇಳಬೇಡ. ಚಿಕ್ಕವಳಿದ್ದಾಗಿನಿಂದ ನಿನಗೆ ಆ ಬಣ್ಣವೇ ಇಷ್ಟ ಎಂಬುದು ನನಗಲ್ಲದೆ ಇನ್ನಾರಿಗೆ ನೆನಪಿರಬೇಕು.