ಗಂಜಿ ಕುಡಿದ ನೀರುಗಿಡ

ಕೊಯಮತ್ತೂರು, 1936

ಮಹಾರಾಜಶ್ರೀ ಅಣ್ಣನವರ ಪಾದಾರವಿಂದಗಳಿಗೆ,

ತಾವು ವಿಳಾಸ ಕೊಡದೆ ಕೊಲಂಬೋಗೆ ಓಡಿಹೋದ ಕಾರಣ ಈ ಕಾಗದ ನಮ್ಮ ಮಗ್ಗದ ಕೆಳಗಿನ ಗುಂಡಿಯಲ್ಲೇ ಉಳಿಯುತ್ತದೆ.

ತಮ್ಮ ಗಾಜಿನ ತೊಟ್ಟಿಯ ನೀರುಗಿಡಗಳಿಗೆ ಅಮ್ಮ ಹೋದ ವಾರ ಗಂಜಿ ಸುರಿದಳು. "ನೂಲಿಗೆ ಗಂಜಿ ಹಾಕಿದ್ರೆ ಬಲ ಬರುತ್ತಲ್ಲ ನನ್ನ ಕಣ್ಣು, ನಿಮ್ಮಣ್ಣ ದೊರೈ ಬರೋವರೆಗೂ ಎಲೆ ತಾಳಬೇಡ್ವಾ?" ಎಂದಳು.

ಎಲೆಗಳೆಲ್ಲ ಕೊಳೆತವು. ಇವತ್ತು ಅಪ್ಪನ ನೂಲುಕತ್ತರಿ ಹಿಡಿದು, ಪುರೋಹಿತನ ಗಾಂಭೀರ್ಯದಿಂದ ಒಂದೊಂದನ್ನೇ ಬುಡಕ್ಕೆ ಕತ್ತರಿಸಿದೆ. ಅಮ್ಮ ಪಕ್ಕದಲ್ಲೇ ಕೂತು ಪ್ರತಿ ಎಲೆಗೂ, "ಇದೂ ಬದುಕಲ್ವಾ?" ಎಂದು ಕೇಳಿದಳು. ಅವಳನ್ನು ನಗಿಸಲಾಗದೆ ನಾನು ಕತ್ತರಿಸುತ್ತಲೇ ಹೋದೆ. ಅದಕ್ಕೇ ನಿನ್ನ ಮೇಲೆ ಇಷ್ಟು ಸಿಟ್ಟು.

ಒಂದು ಚಿಗುರು ಉಳಿದಿದೆ. ಅದೂ ಕೊಳೆತರೆ ನೀನೇ ಬಂದು ಅಮ್ಮನ ಎದುರು ಕತ್ತರಿಸು, ಪಾಪಿ. ಕತ್ತರಿಯನ್ನು ತೊಟ್ಟಿಯ ಪಕ್ಕದಲ್ಲೇ ಇಟ್ಟಿದ್ದೇನೆ.